‘ಇಂಟರ್ನ್‌ಮೆಂಟ್’ ಅಂದರೆ ಸೆರೆಯೋ, ಶಿಬಿರವೋ, ದೊಡ್ಡಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ. ಸ್ನೇಹಿತರೊಬ್ಬರು ಕಾನೂನು ಓದುವ ಹುಡುಗರಿಗಾಗಿ ಕನ್ನಡದಲ್ಲಿ ಒಂದಿಷ್ಟು ಪಾಠದ ಹಾಳೆ ಸಿದ್ಧ ಮಾಡುತ್ತಿದ್ದಾರೆ. ಯುದ್ಧ ಬಂದಾಗ ಅಮೆರಿಕದ ಅಧ್ಯಕ್ಷರ ಕೈಗೆ ಎಷ್ಟು ಅಧಿಕಾರ ಬರುತ್ತದೆ, ಆಗ ಜನರ ಸ್ವಾತಂತ್ರ್ಯದ ಗತಿ ಏನು ಅನ್ನೋದು ನನ್ನ ಪಾಲಿಗೆ ಬಂದ ಭಾಗ. ನಲವತ್ತು ಪುಟ, ಹತ್ತು ದಿನದ ಕೆಲಸ ಅಂತ ಒಪ್ಪಿಕೊಂಡೆ. ಆರನೇ ಪುಟದಲ್ಲೇ ಗಾಡಿ ಹೂತುಕೊಂಡಿದೆ.

ಪದ ‘ಇಂಟರ್ನ್‌ಮೆಂಟ್’. ಯುದ್ಧದ ಹೊತ್ತಿನಲ್ಲಿ ಸರ್ಕಾರ ಜನರನ್ನು ವಿಚಾರಣೆಯಿಲ್ಲದೆ ಹಿಡಿದಿಡೋದು ಅಂತ ಸ್ಥೂಲ ಅರ್ಥ. ನಿಘಂಟು ನೋಡಿ ಅಂತ ದಯವಿಟ್ಟು ಹೇಳಬೇಡಿ, ಮನೆಯಲ್ಲಿರೋದೆಲ್ಲಾ ನೋಡಿ ಆಯ್ತು. ಪದ ಸಿಗುತ್ತೆ, ಆದರೆ ಕೂರಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಕಥೆ ಹೇಳಬೇಕು.

1941ರ ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಹತ್ತು ವಾರ ಕಳೆದ ಮೇಲೆ, 1942ರ ಫೆಬ್ರವರಿ 19ಕ್ಕೆ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಸಂಖ್ಯೆ 9066. ಸೇನೆ ಬೇಕಾದ ಪ್ರದೇಶವನ್ನು ಸೇನಾ ವಲಯ ಅಂತ ಗುರುತಿಸಬಹುದು, ಅಲ್ಲಿಂದ ‘ಯಾರನ್ನಾದರೂ ಅಥವಾ ಎಲ್ಲರನ್ನೂ’ ಹೊರಗಿಡಬಹುದು ಅನ್ನೋದು ಅದರ ಸಾರ. ಆದೇಶವನ್ನು ಮೇಲಿಂದ ಕೆಳಗಿನವರೆಗೆ ಓದಿ, ಜಪಾನ್ ಅನ್ನೋ ಹೆಸರೇ ಇಲ್ಲ. ಆದರೆ ಪಶ್ಚಿಮ ಕರಾವಳಿಯಿಂದ ಒಟ್ಟೊಟ್ಟಿಗೆ ಹೊರಗೆ ಹೋದವರು ಜಪಾನಿ ಮೂಲದವರು. ಸುಮಾರು 1,20,000 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೇಸಿಲ್ಲ, ವಿಚಾರಣೆಯಿಲ್ಲ, ಇಂಥ ತಪ್ಪು ಮಾಡಿದ್ದೀಯ ಅಂತ ಹೇಳುವವರೂ ಇಲ್ಲ. ಮರಳುಗಾಡು, ಜೌಗು ಅಂತ ಎಲ್ಲೆಲ್ಲೋ ಕಟ್ಟಿದ ಹತ್ತು ಕ್ಯಾಂಪುಗಳಲ್ಲಿ, ಮುಳ್ಳುತಂತಿ ಬೇಲಿಯೊಳಗೆ ಇಟ್ಟರು. ಮಂಝನಾರ್, ಟೂಲಿ ಲೇಕ್, ಹಾರ್ಟ್ ಮೌಂಟನ್ ಅನ್ನೋ ಹೆಸರುಗಳನ್ನು ನೀವೂ ಕೇಳಿರಬಹುದು.

ಈಗ ಇದಕ್ಕೆ ಕನ್ನಡದಲ್ಲಿ ಏನು ಅನ್ನೋಣ?

‘ಬಂಧನ’ ಅಂತ ಮೊದಲು ಬರೆದೆ. ಬಂಧನ ಅಂದ ತಕ್ಷಣ ನಮ್ಮ ಕಿವಿ ಕೇಳೋದು, ಏನು ಮಾಡಿದ್ದ ಅಂತ. ಪತ್ರಿಕೆಯಲ್ಲಿ ‘ಮೂವರ ಬಂಧನ’ ಅಂತ ಓದಿದರೆ ಮುಂದಿನ ಸಾಲಿನಲ್ಲಿ ಕಳ್ಳತನವೋ ಗಾಂಜಾವೋ ಇರಲೇಬೇಕು. ಇಲ್ಲಿ ಮುಂದಿನ ಸಾಲು ಖಾಲಿ. ‘ಸೆರೆ’ ಹಾಕಿ ನೋಡಿದೆ. ಈಗ ಸೆರೆ ಅಂದರೆ ಚಿರತೆ ಸೆರೆ, ಪುಂಡಾನೆ ಸೆರೆ. ‘ಸ್ಥಳಾಂತರ’ವಂತೂ ಬೇಡವೇ ಬೇಡ. ಅದು ಕೃಷ್ಣೆಗೆ ಪ್ರವಾಹ ಬಂದಾಗ ನದಿದಂಡೆಯ ಊರಿನವರನ್ನು ಗಂಜಿ ಕೇಂದ್ರಕ್ಕೆ ಕರೆದುಕೊಂಡು ಹೋಗೋ ಪದ. (ಸೆರೆ ಹಿಡಿದ ಆನೆಯನ್ನೂ ಸ್ಥಳಾಂತರ ಮಾಡುತ್ತಾರೆ, ಅದು ಬೇರೆ ಮಾತು.) ತಮಾಷೆ ಏನೆಂದರೆ ಅಲ್ಲಿನ ಸರ್ಕಾರಕ್ಕೆ ಬೇಕಾಗಿದ್ದೂ ಇಂಥದ್ದೇ ಪದ. ಅವರ ಕಾಗದಗಳಲ್ಲಿ ಜನರನ್ನು ‘ತೆರವು’ ಮಾಡಲಾಯಿತು, ‘ಜಮಾವಣೆ ಕೇಂದ್ರ’ಕ್ಕೆ ಕಳಿಸಲಾಯಿತು, ಅಲ್ಲಿಂದ ‘ಮರುವಸತಿ ಕೇಂದ್ರ’ಕ್ಕೆ. ಯಾರೋ ಪ್ರವಾಹದಿಂದ ಕಾಪಾಡಿದ ಹಾಗಿದೆ, ಅಲ್ವಾ? ನಾನು ಸ್ಥಳಾಂತರ ಅಂತ ಬರೆದರೆ ಎಂಬತ್ತು ವರ್ಷದ ನಂತರ ಕನ್ನಡದಲ್ಲಿ ಅದೇ ಇಲಾಖೆಯ ಕೆಲಸ ಮಾಡಿಕೊಟ್ಟಂತೆ.

‘ಸ್ಥಾನಬದ್ಧತೆ’ ಅನ್ನೋದು ಒಳ್ಳೆಯ ಪದ. ತಪ್ಪು ಮಾಡುವ ಮೊದಲೇ ಒಬ್ಬನನ್ನು ಹಿಡಿದಿಡೋದಕ್ಕೆ ನಮ್ಮ ಕಾನೂನು ಕನ್ನಡದಲ್ಲಿ ಇದನ್ನು ಬಳಸುತ್ತಾರೆ. ಆದರೆ ಸ್ಥಾನಬದ್ಧತೆಗೆ ಒಬ್ಬ ಮನುಷ್ಯ ಬೇಕು. ಅವನ ಹೆಸರಿನಲ್ಲಿ ಒಂದು ಆದೇಶ, ಕಾರಣ ಅಂತ ಒಂದಿಷ್ಟು ಸಾಲು ಬೇಕು, ಸುಳ್ಳಾದರೂ ಸರಿ. ಇಲ್ಲಿ ಹೆಸರೇ ಬೇಕಾಗಿರಲಿಲ್ಲ. ಒಂದೊಂದು ಕುಟುಂಬಕ್ಕೆ ಒಂದೊಂದು ನಂಬರು. ಆ ನಂಬರು ಬರೆದ ಚೀಟಿಯನ್ನು ಪೆಟ್ಟಿಗೆಗೂ ಕಟ್ಟುತ್ತಿದ್ದರು, ಮಗುವಿನ ಕೋಟಿಗೂ ಕಟ್ಟುತ್ತಿದ್ದರು. ‘ಯುದ್ಧಕೈದಿ’ಯೂ ಅಲ್ಲ. ಆ ಪದ ನಮಗೆ ಹೊಸದೇನಲ್ಲ, ಅದೇ ಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳನ್ನು ತಂದು ಬೆಂಗಳೂರಿನ ಸುತ್ತ ಇಟ್ಟಿದ್ದರಲ್ಲ. ಆದರೆ ಅವರು ಬಂದೂಕು ಹಿಡಿದು ಎದುರು ನಿಂತಿದ್ದ ಸೈನಿಕರು. ಇವರು ತರಕಾರಿ ಬೆಳೆಯುವವರು, ಮೀನು ಹಿಡಿಯುವವರು, ಶಾಲೆಗೆ ಹೋಗುವ ಮಕ್ಕಳು.

ಇನ್ನು ‘ಶಿಬಿರ’. ಇಲ್ಲಿ ನಾನು ನಿಜವಾಗಿ ಸೋತಿದ್ದೇನೆ. ಕಾರಣ, ಈ ಒಂದು ಪದದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನೊಳಗೇ ಜಗಳ ಇದೆ. ಫ್ರೆಡ್ ಕೊರೆಮಾತ್ಸು ಅಂತ ಓಕ್ಲೆಂಡಿನಲ್ಲಿ ಹುಟ್ಟಿದ ಹುಡುಗ, ವೆಲ್ಡಿಂಗ್ ಕೆಲಸದವನು. ಊರು ಬಿಟ್ಟು ಹೊರಡಲ್ಲ ಅಂತ ಉಳಿದುಕೊಂಡ. ಹಿಡಿದರು, ಶಿಕ್ಷೆಯಾಯಿತು. ಕೇಸು ಮೇಲೆ ಹೋಗಿ 1944ರ ಡಿಸೆಂಬರ್ 18ಕ್ಕೆ ತೀರ್ಪು ಬಂತು. ಆರು ನ್ಯಾಯಮೂರ್ತಿಗಳು ಅಧ್ಯಕ್ಷರ ಕಡೆ, ಮೂವರು ಕೊರೆಮಾತ್ಸು ಕಡೆ. ಒಪ್ಪದ ಮೂವರಲ್ಲಿ ಒಬ್ಬರಾದ ರಾಬರ್ಟ್ಸ್ ಅವರು ಈ ಜಾಗಗಳನ್ನು ‘ಕಾನ್ಸೆಂಟ್ರೇಷನ್ ಕ್ಯಾಂಪ್’ ಅಂತಲೇ ಕರೆದರು. ಬಹುಮತದ ತೀರ್ಪು ಬರೆದ ಬ್ಲ್ಯಾಕ್ ಅವರಿಗೆ ಅದು ಸಿಟ್ಟು ತರಿಸಿತು. ಆ ಪದದ ಬೆನ್ನಿಗೆ ಬರುವ ಅಸಹ್ಯ ಅರ್ಥಗಳಿವೆಯಲ್ಲ, ಹಾಗೆಲ್ಲ ಕರೆಯೋದು ಸರಿಯಲ್ಲ ಅಂದರು. ಇನ್ನೊಂದು ವಿಷಯ, ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಆ ಪದ ಬಾಯಿತಪ್ಪಿಯೋ ಬೇಕೆಂದೋ ಬಳಸಿದ್ದುಂಟು.

ಇದನ್ನು ಕನ್ನಡಕ್ಕೆ ತನ್ನಿ ನೋಡೋಣ. ಕಾನ್ಸೆಂಟ್ರೇಷನ್ ಅಂದರೆ ಒಂದು ಕಡೆ ಸೇರಿಸೋದು, ಅಷ್ಟೇ. ಅಸಹ್ಯ ಅರ್ಥ ಪದದ ಬೆನ್ನಿಗೆ ಬಂದದ್ದು, ಹೊಟ್ಟೆಯಲ್ಲಿದ್ದದ್ದಲ್ಲ. ಕನ್ನಡದಲ್ಲಿ ನಾವು ಹಿಟ್ಲರನ ಕ್ಯಾಂಪುಗಳನ್ನು ನೋಡಿ ‘ಯಾತನಾ ಶಿಬಿರ’ ಅಂತ ಮಾಡಿಕೊಂಡೆವು. ಯಾತನೆಯನ್ನು ಪದದ ಹೊಟ್ಟೆಯೊಳಗೇ ತುಂಬಿಬಿಟ್ಟೆವು. ಈಗ ‘ಯಾತನಾ ಶಿಬಿರ ಅನ್ನೋ ಪದದಲ್ಲಿ ಅಸಹ್ಯ ಅರ್ಥಗಳಿವೆ’ ಅಂತ ಬ್ಲ್ಯಾಕ್ ಬಾಯಲ್ಲಿ ಹೇಳಿಸಿದರೆ, ಹೌದಪ್ಪ ಅದರಲ್ಲೇನು ವಿಶೇಷ ಅಂತ ಹುಡುಗರು ಕೇಳುತ್ತಾರೆ. ರಾಬರ್ಟ್ಸ್ ಏನೋ ಕೂಗಾಡುವವರ ಹಾಗೆ ಕಾಣುತ್ತಾರೆ. ಬರೀ ‘ಶಿಬಿರ’ ಅಂತ ಇಟ್ಟರೋ, ನಮಗೆ ಶಿಬಿರ ಅಂದರೆ ಎನ್‌ಎಸ್‌ಎಸ್ ಶಿಬಿರ, ರಕ್ತದಾನ ಶಿಬಿರ, ಉಚಿತ ಕಣ್ಣು ತಪಾಸಣೆ ಶಿಬಿರ. ಒಂದು ಲಕ್ಷ ಜನ ಬೇಸಿಗೆ ಶಿಬಿರಕ್ಕೆ ಹೋಗಿ ಬಂದ ಹಾಗಾಗುತ್ತೆ.

ಇಲ್ಲಿ ಇನ್ನೊಂದು ತೊಡಕಿದೆ, ಮೂಲದ ಇಂಗ್ಲಿಷಿನಲ್ಲೇ. ‘ಇಂಟರ್ನ್‌ಮೆಂಟ್’ ಅನ್ನೋದಕ್ಕೆ ಕಾನೂನಿನಲ್ಲಿ ಖಚಿತ ಅರ್ಥ ಇದೆ. ಯುದ್ಧ ನಡೆಯುವಾಗ ಶತ್ರುದೇಶದ ಪ್ರಜೆಗಳನ್ನು ಹಿಡಿದಿಡೋದು ಅಂತ. ಅಮೆರಿಕದಲ್ಲಿ ಅದಕ್ಕೆ 1798ರಷ್ಟು ಹಳೆಯ ಕಾಯ್ದೆಯಿದೆ. ಸ್ವಂತ ಪ್ರಜೆಗಳನ್ನು ಹಾಗೆ ಹಿಡಿದಿಟ್ಟರೆ ಆ ಪದ ಸಲ್ಲೋದಿಲ್ಲ ಅಂತ ಅಲ್ಲಿನ ಜಪಾನಿ ಮೂಲದವರೇ ಈಗ ಅದನ್ನು ಬಿಡುತ್ತಿದ್ದಾರೆ. ಅಂದರೆ ನಾನು ಹುಡುಕುತ್ತಿರೋದು ಮೂಲದವರೇ ಕೈಬಿಡುತ್ತಿರುವ ಪದಕ್ಕೆ ಸಮಾನಾರ್ಥ!

ಪ್ರಜೆ ಅಂದಾಗ ನೆನಪಾಯಿತು. 1942ರ ವಸಂತದಲ್ಲಿ ಕಂಬ, ಗೋಡೆಗಳ ಮೇಲೆ ಅಂಟಿಸಿದ ನೋಟೀಸಿನ ಫೋಟೋ ನನ್ನ ಮುಂದಿದೆ. ‘ಜಪಾನಿ ಮೂಲದ ಎಲ್ಲ ವ್ಯಕ್ತಿಗಳಿಗೆ ಸೂಚನೆಗಳು’ ಅಂತ ದಪ್ಪ ಅಕ್ಷರದ ತಲೆಬರಹ. ಹಾಸಿಗೆ ಬಟ್ಟೆ, ಉಡುಪು, ಚಾಕು, ಚಮಚ, ತಟ್ಟೆ, ಬಟ್ಟಲು, ಲೋಟ ತರಬೇಕು. ಕುಟುಂಬದವರು ಕೈಯಲ್ಲಿ ಹೊತ್ತುಕೊಳ್ಳುವಷ್ಟು ಮಾತ್ರ ಸಾಮಾನು. ಸಾಕುಪ್ರಾಣಿ ಯಾವುದೂ ಬೇಡ. ಹೊರಡಲು ಕೊಟ್ಟದ್ದು ಹೆಚ್ಚೆಂದರೆ ಒಂದು ವಾರ. ಇದೆಲ್ಲಾ ಸುಲಭವಾಗಿ ಕನ್ನಡಕ್ಕೆ ಬಂತು. ನಾನು ಸಿಕ್ಕಿಬಿದ್ದದ್ದು ಒಂದೇ ಒಂದು ಕಡೆ: ಈ ಆದೇಶ ‘ಏಲಿಯನ್ ಮತ್ತು ನಾನ್-ಏಲಿಯನ್’ ಇಬ್ಬರಿಗೂ ಅನ್ವಯ.

ನಾನ್-ಏಲಿಯನ್! ಪರದೇಶಿಯಲ್ಲದವರು. ಯಾರಪ್ಪ ಅವರು ಅಂತ ಒಂದು ಕ್ಷಣ ಯೋಚಿಸಬೇಕಾಯಿತು. ಪ್ರಜೆಗಳು ಸ್ವಾಮಿ, ಅದೇ ದೇಶದ ಪ್ರಜೆಗಳು. ನೋಟೀಸು ಬರೆದವರಿಗೆ ‘ಪ್ರಜೆ’ ಅಂತ ಬರೆಯಲು ಕೈ ಬರಲಿಲ್ಲ, ಬರೆದರೆ ಓದಿದವರು ಇದ್ಯಾಕೆ ಹೀಗೆ ಅಂತ ಕೇಳುತ್ತಾರೆ. ಅದಕ್ಕೆ ಪರದೇಶಿಯನ್ನು ಇಟ್ಟು ‘ಅಲ್ಲದ’ ಸೇರಿಸಿದರು.

ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಬರುತ್ತೆ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ‘ಪರದೇಶಿ’ ಅಂದರೆ ಹೊರದೇಶದವನು ಅಂತ ಮಾತ್ರ ಅಲ್ಲ. ಹಿಂದೆ ಮುಂದೆ ಯಾರೂ ಇಲ್ಲದವನು, ಕೇಳೋರಿಲ್ಲದವನು. ‘ಪರದೇಶಿ ತರ ಬಿದ್ದಿದ್ದೀನಿ’ ಅಂತೀವಲ್ಲ. ಹಾಗಾದರೆ ‘ಪರದೇಶಿಗಳು ಮತ್ತು ಪರದೇಶಿಗಳಲ್ಲದವರು’ ಅಂತ ಬರೆದರೆ ಓದುವ ಹುಡುಗನಿಗೆ ಎರಡೂ ಅರ್ಥ ಒಟ್ಟಿಗೆ ತಟ್ಟುತ್ತೆ. ಕಾನೂನು ಕನ್ನಡದ ‘ಅನ್ಯದೇಶೀಯ’ ಹಾಕಿದರೆ ಖಚಿತತೆ ಇರುತ್ತೆ, ಈ ಏಟು ಇರಲ್ಲ. ಸಂಪಾದಕರು ‘ಅನ್ಯದೇಶೀಯ’ವೇ ಇರಲಿ ಅಂತಾರೆ. ನಾನು ಇನ್ನೂ ಒಪ್ಪಿಲ್ಲ. ನೀವೇನಂತೀರಿ?

ಎರಡನೇ ತೊಡಕು, ಆ ಆದೇಶವನ್ನೇ ಏನೆಂದು ಕರೆಯೋದು? ಅಧ್ಯಕ್ಷರು ಸಹಿ ಹಾಕುವ ‘ಎಕ್ಸಿಕ್ಯುಟಿವ್ ಆರ್ಡರ್’ಗೆ ಈಚೆಗೆ ಪತ್ರಿಕೆಗಳಲ್ಲಿ ‘ಕಾರ್ಯಾದೇಶ’, ‘ಕಾರ್ಯಕಾರಿ ಆದೇಶ’ ಅಂತ ಬರುತ್ತಿದೆ. ಅಲ್ಲೊಂದು ಇಲ್ಲೊಂದು ಕಡೆ ‘ಸುಗ್ರೀವಾಜ್ಞೆ’ ಅಂತಲೂ ನೋಡಿದ್ದೇನೆ. ಸುಗ್ರೀವಾಜ್ಞೆ ಮಾತ್ರ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ನನಗೆ ತುಂಬಾ ಇಷ್ಟವಾದ ಪದ ಅದು, ಅದಕ್ಕೇ ಹೇಳುತ್ತಿದ್ದೇನೆ. ಸುಗ್ರೀವ ಕಪಿಗಳನ್ನು ಸೀತೆ ಹುಡುಕಲು ಕಳಿಸಿದಾಗ ಒಂದು ತಿಂಗಳ ಗಡುವು ಇಟ್ಟಿದ್ದ. ನಮ್ಮ ಸಂವಿಧಾನದ ಸುಗ್ರೀವಾಜ್ಞೆಗೂ ಗಡುವಿದೆ. ಸಂಸತ್ತು ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಅದು ತಾನಾಗೇ ಸಾಯುತ್ತೆ. 9066ಕ್ಕೆ ಗಡುವೇ ಇರಲಿಲ್ಲ. ಯುದ್ಧ 1945ರಲ್ಲಿ ಮುಗಿಯಿತು, ಕೊನೆಯ ಕ್ಯಾಂಪು 1946ರಲ್ಲಿ ಬಾಗಿಲು ಹಾಕಿತು, ಆದೇಶ ಮಾತ್ರ ಸುಮ್ನೆ ಕಾಗದದ ಮೇಲೆ ಉಳಿದುಕೊಂಡೇ ಇತ್ತು. ಅದು ಮುಗಿದಿದೆ ಅಂತ ಅಧ್ಯಕ್ಷ ಫೋರ್ಡ್ ಅಧಿಕೃತವಾಗಿ ಸಾರಿದ್ದು 1976ರ ಫೆಬ್ರವರಿ 19ಕ್ಕೆ. ಸಹಿಯಾದ ದಿನದಿಂದ ಲೆಕ್ಕ ಹಾಕಿದರೆ ಸರಿಯಾಗಿ 34 ವರ್ಷ. ಸುಗ್ರೀವನಿಗೆ ಅಷ್ಟು ತಾಳ್ಮೆ ಎಲ್ಲಿತ್ತು?

‘ಅಧ್ಯಕ್ಷ’ದ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ ಇಬ್ಬರೂ ಪ್ರೆಸಿಡೆಂಟೇ. ನಾವು ದೆಹಲಿಯವರನ್ನು ರಾಷ್ಟ್ರಪತಿ ಅಂತೀವಿ, ವಾಷಿಂಗ್ಟನ್ನಿನವರನ್ನು ಅಧ್ಯಕ್ಷ. ಗ್ರಾಮ ಪಂಚಾಯಿತಿಗೂ ಹಾಲಿನ ಸೊಸೈಟಿಗೂ ಇರೋದು ಅದೇ ಅಧ್ಯಕ್ಷ. ನಿಜವಾದ ಅಧಿಕಾರ ಯಾರಿಗೆ ಜಾಸ್ತಿ ಅಂತ ನೋಡಿದರೆ ಪದಗಳು ಅದಲುಬದಲಾಗಿವೆ. ಇದನ್ನು ಸರಿಮಾಡಿ ಅಂತ ಕೇಳುತ್ತಿಲ್ಲ, ಬಳಕೆ ಬೇರೂರಿದೆ.

ಮೂರನೆಯದು ಅಧ್ಯಕ್ಷ ಲಿಂಕನ್ ಕಾಲದ್ದು, ‘ಸಸ್ಪೆನ್ಷನ್ ಆಫ್ ಹೇಬಿಯಸ್ ಕಾರ್ಪಸ್’. ಹಿಡಿದಿಟ್ಟವನನ್ನು ನಮ್ಮ ಮುಂದೆ ತಂದು ನಿಲ್ಲಿಸಿ ಅಂತ ಕೋರ್ಟು ಹೊರಡಿಸುವ ಆಜ್ಞೆ, ಅಂದರೆ ರಿಟ್, ಈ ಹೇಬಿಯಸ್ ಕಾರ್ಪಸ್. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾದ ಕೂಡಲೇ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಇನ್ನೂ ಸೇರಿರದ ಹೊತ್ತಿನಲ್ಲಿ, ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ನಿನ ದಾರಿಯುದ್ದಕ್ಕೂ ಈ ರಿಟ್ ನಡೆಯದಂತೆ ಮಾಡಲು ಲಿಂಕನ್ ಸೇನೆಗೆ ಅಧಿಕಾರ ಕೊಟ್ಟರು. ಮುಂದಿನ ತಿಂಗಳು ಮೇರಿಲ್ಯಾಂಡಿನ ಜಾನ್ ಮೆರಿಮನ್ ಅನ್ನುವವರನ್ನು ಸೈನಿಕರು ನಡುರಾತ್ರಿ ಮನೆಯಿಂದ ಎಬ್ಬಿಸಿಕೊಂಡು ಹೋಗಿ ಮೆಕ್‌ಹೆನ್ರಿ ಕೋಟೆಯಲ್ಲಿಟ್ಟರು. ಮುಖ್ಯ ನ್ಯಾಯಮೂರ್ತಿ ಟಾನಿ ಆಳನ್ನು ತಂದು ನಿಲ್ಲಿಸಿ ಅಂದರು. ಸೇನಾಧಿಕಾರಿ ತರಲಿಲ್ಲ. ರಿಟ್ ತಡೆಯುವ ಅಧಿಕಾರ ಕಾಂಗ್ರೆಸ್ಸಿನದು, ಅಧ್ಯಕ್ಷರದ್ದಲ್ಲ ಅಂತ ಟಾನಿ ಬರೆದರು. ಈ ಒಂದು ಕಾನೂನು ಮುರಿಯಬಾರದು ಅಂತ ಉಳಿದ ಎಲ್ಲಾ ಕಾನೂನುಗಳೂ ಬಿದ್ದುಹೋಗಲಿ ಅಂತೀರಾ ಅನ್ನೋ ಅರ್ಥದಲ್ಲಿ ಲಿಂಕನ್ ಜುಲೈ 4ರಂದು ಕಾಂಗ್ರೆಸ್ಸನ್ನೇ ಕೇಳಿದರು. ಕಾಂಗ್ರೆಸ್ ಕಾಯ್ದೆ ಮಾಡಿ ಅಧಿಕಾರ ಕೊಟ್ಟದ್ದು 1863ರ ಮಾರ್ಚಿನಲ್ಲಿ. (ಇಬ್ಬರಲ್ಲಿ ಯಾರು ಸರಿ ಅಂತ ಹುಡುಗರು ಜಗಳ ಆಡಲಿ. ನನಗೆ ಲಿಂಕನ್ ಮೇಲೆ ಪ್ರೀತಿ, ಆದರೂ ಈ ಜಾಗದಲ್ಲಿ ಟಾನಿ ಪರ.)

ಇಲ್ಲಿ ‘ಸಸ್ಪೆನ್ಷನ್’ಗೆ ರದ್ದು ಅಂದರೆ ತಪ್ಪು. ‘ಅಮಾನತು’ ಸರಿ ಅಂತ ನನಗೆ ಕಾಣುತ್ತೆ. ನಮಗೆ ಅಮಾನತು ಅಂದರೆ ಲಂಚ ತಿಂದ ಅಧಿಕಾರಿ ಮನೆಯಲ್ಲಿ ಕೂತಿರೋದು. ಆರು ತಿಂಗಳಾದ ಮೇಲೆ ಅವನು ವಾಪಸ್ ಬರುತ್ತಾನೆ, ಎಲ್ಲರಿಗೂ ಗೊತ್ತು. ಆದರೆ ಪದದ ಮೂಲ ಅರ್ಥ ಒಬ್ಬರ ವಸ್ತುವನ್ನು ಇನ್ನೊಬ್ಬರ ಬಳಿ ನಂಬಿ ಇಡೋದು, ಹಿಂದಿ ಉರ್ದುವಿನಲ್ಲಿ ಈಗಲೂ ಹಾಗೇ. ನಿನ್ನ ಹಕ್ಕನ್ನು ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ, ಯುದ್ಧ ಮುಗಿದ ಮೇಲೆ ಕೊಡುತ್ತೇನೆ. ಸರ್ಕಾರ ಹೇಳೋದೂ ಇದನ್ನೇ ತಾನೇ? ಜತೆಗೊಂದು ಪ್ರಶ್ನೆ: ‘ಅನಾಮತ್ತಾಗಿ ಎತ್ತಿಕೊಂಡು ಹೋದ್ರು’ ಅಂತೀವಲ್ಲ, ಆ ಅನಾಮತ್ತು ಇದೇ ಅಮಾನತಿನ ತಮ್ಮನಾ? ಮರಾಠಿ ಬಲ್ಲವರು ಹೇಳಬೇಕು. ಹೌದಾದರೆ ಮೆರಿಮನ್ ಕಥೆಗೆ ಇದಕ್ಕಿಂತ ಪದ ಬೇಡ.

ಹೇಬಿಯಸ್ ಕಾರ್ಪಸ್ಸಿಗೆ ಪುಸ್ತಕದಲ್ಲಿ ‘ಬಂದಿ ಪ್ರತ್ಯಕ್ಷೀಕರಣ’ ಅಂತಿದೆ. ಓದುವಷ್ಟರಲ್ಲಿ ಬಂದಿ ಬಿಡುಗಡೆಯಾಗಿರುತ್ತಾನೆ. ಹೇಬಿಯಸ್ ಕಾರ್ಪಸ್ ಅಂತಲೇ ಇಡುತ್ತೇನೆ. ಆದರೆ ಈಗಿನ ಹುಡುಗರಿಗೆ ಆ ಪದ ಗೊತ್ತಿರೋದು ಬೇರೆ ದಾರಿಯಲ್ಲಿ. ಮಗಳು ಪ್ರೀತಿಸಿ ಮನೆಬಿಟ್ಟು ಹೋದಾಗ ಅಪ್ಪ ಹೈಕೋರ್ಟಿಗೆ ಹಾಕೋ ಅರ್ಜಿ ಅಂತ. ಸರ್ಕಾರವೇ ಎತ್ತಿಕೊಂಡು ಹೋದರೆ ಹಾಕೋ ಅರ್ಜಿ ಅದು ಅಂತ ನಮ್ಮ ಊರಿನ ಉದಾಹರಣೆಯಿಂದಲೇ ಹೇಳಬೇಕಾಯಿತು. 1975ರ ಜೂನ್ 26ಕ್ಕೆ ತುರ್ತು ಪರಿಸ್ಥಿತಿಯ ಮೊದಲ ಬೆಳಿಗ್ಗೆ, ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹಾಕಿದ್ದು ಇದೇ ಅರ್ಜಿ. ದೇಶದ ಹಲವು ಹೈಕೋರ್ಟುಗಳು ಬಂದಿಗಳ ಪರ ನಿಂತವು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ಕ್ಕೆ ನಾಲ್ಕಕ್ಕೆ ಒಂದರಂತೆ, ತುರ್ತು ಪರಿಸ್ಥಿತಿಯಲ್ಲಿ ಕೇಳಲು ಹಕ್ಕೇ ಇಲ್ಲ ಅಂದಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ. ಫೋರ್ಡ್ ಅಲ್ಲಿ 9066ನ್ನು ಹೂತು ಎರಡು ತಿಂಗಳು ಕಳೆದಿತ್ತಷ್ಟೆ! ಆ ತೀರ್ಪನ್ನು ಕೊನೆಗೆ ತಳ್ಳಿಹಾಕಿದ್ದು 2017ರ ಖಾಸಗಿತನದ ಕೇಸಿನಲ್ಲಿ, ಆ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಕೊರೆಮಾತ್ಸು ಕೇಸಿನ ತೀರ್ಪು ಬಂದ ದಿನವೇ ದೊಡ್ಡ ತಪ್ಪಾಗಿತ್ತು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಮ್ಮ ದೊಡ್ಡಪ್ಪ ಇದ್ಯಾವ ಪದವನ್ನೂ ಬಳಸುತ್ತಿರಲಿಲ್ಲ. ‘ಅವನನ್ನ ಮೀಸಾದಲ್ಲಿ ಹಾಕಿದ್ರು’ ಅನ್ನೋರು. ವಿಚಾರಣೆಯಿಲ್ಲದೆ ಹಿಡಿದಿಡಲು ಬಳಸುತ್ತಿದ್ದ ಆಂತರಿಕ ಭದ್ರತಾ ಕಾಯ್ದೆಯ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರ ಸೇರಿ ಒಂದು ಜಾಗದ ಹೆಸರಾಗಿತ್ತು, ಮಡಿಕೇರಿಯಲ್ಲಿ ಇದ್ದಾನೆ ಅನ್ನೋ ಹಾಗೆ ಮೀಸಾದಲ್ಲಿ ಇದ್ದಾನೆ. ಜನ ಪದ ಮಾಡೋದು ಹೀಗೆ, ನಮ್ಮ ಹಾಗೆ ಎರಡು ವಾರ ಕೂತು ಅಲ್ಲ.

ಮತ್ತೆ ಮೊದಲಿನ ಪದಕ್ಕೇ ಬರುತ್ತೇನೆ. ಕ್ಯಾಂಪುಗಳು ಕಟ್ಟಿ ಮುಗಿದಿರಲಿಲ್ಲವಲ್ಲ, ಮೊದಲ ಕೆಲವು ತಿಂಗಳು ಜನರನ್ನು ಇಟ್ಟದ್ದು ಜಾತ್ರೆ ಮೈದಾನಗಳಲ್ಲಿ, ಕುದುರೆ ರೇಸಿನ ಕೋರ್ಸುಗಳಲ್ಲಿ. ಸಾಂತಾ ಅನಿತಾ, ಟ್ಯಾನ್‌ಫೊರಾನ್‌ನಲ್ಲಿ ಎಷ್ಟೋ ಕುಟುಂಬಗಳ ಪಾಲಿಗೆ ಬಂದದ್ದು ಕುದುರೆ ಕಟ್ಟುವ ಅಂಕಣ. ಮೇಲೆ ಸುಣ್ಣ ಬಳಿದಿದ್ದರು, ಲದ್ದಿ ವಾಸನೆ ಹಾಗೇ ಇತ್ತು. ಇದನ್ನು ಓದುವಾಗ ನನಗೆ ನೆನಪಾದ ಪದ ‘ಬಂದಿದೊಡ್ಡಿ’. ನಮ್ಮ ಕಡೆ ಪರರ ಗದ್ದೆಗೆ ನುಗ್ಗಿದ ದನ ಹಿಡಿದು ಕೂಡುವ ಜಾಗ. ಉತ್ತರ ಕರ್ನಾಟಕದವರು ‘ಕೊಂಡವಾಡ’ ಅಂತಾರೆ. ನಾನು ಎಂಟು ಒಂಬತ್ತು ವರ್ಷದವನಿದ್ದಾಗ ನಮ್ಮ ಗೌರಿ ಅನ್ನೋ ಹಸು ಒಂದು ಸಲ ಅಲ್ಲಿಗೆ ಹೋಗಿತ್ತು. ಅಜ್ಜಿ ದಂಡ ಕಟ್ಟಿ, ಅಲ್ಲಿದ್ದವನಿಗೆ ನಾಲ್ಕು ಮಾತು ಬೈದು ಬಿಡಿಸಿಕೊಂಡು ಬಂದರು. ಗೌರಿಯಾದರೂ ಪಕ್ಕದವರ ಪೈರು ತಿಂದಿತ್ತು. ಅದಕ್ಕೆ ಒಂದು ಕಾರಣ, ಒಂದು ದಂಡ, ಬಿಡಿಸಿಕೊಳ್ಳೋ ಒಂದು ದಾರಿ ಇತ್ತು.

ಹಾಗಂತ ‘ದೊಡ್ಡಿ’ ಅಂತ ಬರೆಯಲಾಗಲ್ಲ. ಬದುಕಿದವರಿಗೂ ಅದು ಅವಮಾನ. ಆದರೆ ದನದ ಬಗ್ಗೆ ಯೋಚಿಸುತ್ತಾ ಒಂದು ಕ್ರಿಯಾಪದ ಸಿಕ್ಕಿತು: ಕೂಡಿಹಾಕು. ‘ಕೂಡಿ’ ಅಂದರೆ ಒಂದು ಕಡೆ ಸೇರಿಸಿ. ‘ಕೂಡಿಹಾಕು’ ಅಂದರೆ ಹೊರಗೆ ಬಿಡದೆ ಇಡು. ಕಾನ್ಸೆಂಟ್ರೇಷನ್ನಿನ ಸೇರಿಸೋದೂ ಇಂಟರ್ನ್‌ಮೆಂಟಿನ ತಡೆಯೋದೂ ಎರಡೂ ಒಂದೇ ಪದದೊಳಗೆ ಇವೆ. ಯಾತನೆಯನ್ನು ಮೊದಲೇ ತುಂಬಿಲ್ಲ. ತಪ್ಪು ಮಾಡಿದ್ದ ಅಂತಲೂ ಹೇಳಲ್ಲ, ಕಾಪಾಡಿದರು ಅಂತಲೂ ಹೇಳಲ್ಲ. ಅದಕ್ಕಿಂತ ಮುಖ್ಯ, ಕೂಡಿಹಾಕಿದ್ದು ಯಾರು ಅಂತ ವಾಕ್ಯ ತಾನಾಗೇ ಕೇಳುತ್ತೆ. ‘ಸ್ಥಳಾಂತರ ನಡೆಯಿತು’ ಅನ್ನಬಹುದು, ‘ಕೂಡಿಹಾಕು ನಡೆಯಿತು’ ಅನ್ನೋಕಾಗಲ್ಲ, ಕರ್ತೃ ಬೇಕೇ ಬೇಕು.

ಅದೇ ಈಗ ತೊಂದರೆಯೂ ಆಗಿದೆ. ತಲೆಬರಹಕ್ಕೆ ನಾಮಪದ ಬೇಕು. ‘ಕೂಡಿಹಾಕುವಿಕೆ’ ಅಂದರೆ ನನಗೇ ನಗು ಬರುತ್ತೆ. ‘ಕೂಡುಸೆರೆ’ ಅಂತ ಒಬ್ಬ ಗೆಳೆಯ ಹೇಳಿದ. ಕೇಳಲು ಚೆನ್ನಾಗಿದೆ, ಆದರೆ ಕೂಡುಕುಟುಂಬದ ಹಾಗೆ ಕೇಳಿಸುತ್ತೆ ಅಂತ ಮನೆಯವಳು ತೆಗೆದುಹಾಕಿದಳು. 1988ರ ಕಾಯ್ದೆಯಲ್ಲಿ ಕ್ಷಮೆ ಕೇಳಿ ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟರಲ್ಲ, ಆ ಕಾಯ್ದೆಯ ಮಾತಿನಲ್ಲೂ ತೆರವು, ಮರುವಸತಿ, ಇಂಟರ್ನ್‌ಮೆಂಟ್ ಅಂತ ಮೂರೂ ಪದ ಸಾಲಾಗಿ ಬರುತ್ತವೆ. ಅಲ್ಲಿ ಕ್ರಿಯಾಪದ ಹಾಕಿ ತಪ್ಪಿಸಿಕೊಳ್ಳಲೂ ಆಗಲ್ಲ.

ಇನ್ನೊಂದು ಕೇಳೋದಿದೆ. 1962ರ ಯುದ್ಧದಲ್ಲಿ ನಮ್ಮ ಸರ್ಕಾರವೂ ಅಸ್ಸಾಂ, ಬಂಗಾಳದ ಕಡೆಯ ಚೀನಿ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿಗೆ ಕಳಿಸಿ ಇಟ್ಟಿತ್ತು. ಭಾರತದಲ್ಲೇ ಹುಟ್ಟಿದವರೂ ಅದರಲ್ಲಿದ್ದರು. ಆಗಿನ ಕನ್ನಡ ಪತ್ರಿಕೆಗಳು ಅದಕ್ಕೆ ಯಾವ ಪದ ಬಳಸಿದ್ದವು? ಹಳೆಯ ಸಂಚಿಕೆ ಕೈಗೆ ಸಿಗುವವರು ನವೆಂಬರ್, ಡಿಸೆಂಬರ್ ತಿಂಗಳದ್ದು ಸ್ವಲ್ಪ ನೋಡಿ ಹೇಳಿದರೆ ದೊಡ್ಡ ಉಪಕಾರ. ಕೊಂಡವಾಡ ಅನ್ನೋದನ್ನು ಮನುಷ್ಯರ ವಿಷಯದಲ್ಲಿ ಬಳಸಿದ್ದು ಕೇಳಿದ್ದೀರಾ ಅಂತ ಧಾರವಾಡ, ವಿಜಯಪುರದ ಕಡೆಯವರೂ ಬರೆಯಿರಿ.

ಹಾಳೆ ಬರುವ ಸೋಮವಾರ ಕೊಡಬೇಕು. ಸದ್ಯಕ್ಕೆ ಆರನೇ ಪುಟದಲ್ಲಿ ‘ಸರ್ಕಾರ ಇವರನ್ನು ಕೂಡಿಹಾಕಿತು’ ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ, ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.